ಅಣಬೆಗೆ ಯಾವ ಸಕ್ಕರೆ? ಚಮಚದ ಲೆಕ್ಕ ಸಾಲದು

ಅಣಬೆಯ ಕವಕಜಾಲವನ್ನು (ಮೈಸೀಲಿಯಂ) ಸಕ್ಕರೆ ನೀರಿನಲ್ಲಿ ಬೆಳೆಸಿ, ಆ ದ್ರವವನ್ನು ಬೇಯಿಸಿದ ಕಾಳುಗಳಿಗೆ ಸೇರಿಸಿ ಬೀಜ ತಯಾರಿಸುವ ವಿಧಾನ ನಿಮಗೆ ಗೊತ್ತಿರಬಹುದು. ಇದೇ ಲಿಕ್ವಿಡ್ ಕಲ್ಚರ್. ಮನೆಯ ಪ್ರೆಷರ್ ಕುಕ್ಕರ್ ಸಾಕಾಗುವುದರಿಂದ ವಿದ್ಯಾರ್ಥಿಗಳ ಯೋಜನೆಗೂ ಇದು ಹೊಂದುತ್ತದೆ. ಆದರೆ ಈ ಬಗ್ಗೆ ಪ್ರಚಲಿತವಿರುವ ಸಲಹೆಗಳನ್ನು ಪರಿಶೀಲಿಸಿದರೆ ನಿರಾಶೆಯಾಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಜೇನು ಹಾಕಿ, ಜೇನು ನೈಸರ್ಗಿಕವಾದ್ದರಿಂದ ಸಕ್ಕರೆಗಿಂತ ಮೇಲು ಎನ್ನುವುದು ಅವುಗಳ ಸಾರ. ಈ ತೀರ್ಮಾನಕ್ಕೆ ಆಧಾರವೇನು?

ಮೊದಲು ಚಮಚವನ್ನೇ ನೋಡಿ. 5 ಮಿಲಿಲೀಟರಿನ ಚಮಚದಲ್ಲಿ ಸುಮಾರು 7 ಗ್ರಾಂ ಜೇನು ಹಿಡಿಯುತ್ತದೆ. ಅದರಲ್ಲಿ ಐದನೇ ಒಂದು ಭಾಗ ನೀರೆಂದು ಕಳೆದರೂ 5.6 ಗ್ರಾಂನಷ್ಟು ಸಕ್ಕರೆಗಳು ಉಳಿಯುತ್ತವೆ. ಅದೇ ಚಮಚದ ಸಮಮಟ್ಟಕ್ಕೆ ಹಿಡಿಯುವ ಹರಳು ಸಕ್ಕರೆ ಸುಮಾರು 4 ಗ್ರಾಂ ಮಾತ್ರ. ಜೇನಿನಲ್ಲಿ ಬೆಳವಣಿಗೆ ಹೆಚ್ಚಾದರೆ ಅದು ಜೇನಿನ ಗುಣವೋ, ಹೆಚ್ಚಿದ ಸಕ್ಕರೆಯ ಫಲವೋ? ಚಮಚದ ಪ್ರಯೋಗ ಇದಕ್ಕೆ ಉತ್ತರಿಸಲಾರದು.

ತೂಕ ಸಮನಾದರೂ ಸಾಲದು. ಪರಾಸರಣ ಒತ್ತಡವು ಕಣಗಳ ಸಂಖ್ಯೆಯನ್ನು ಅವಲಂಬಿಸಿದೆ. ಲೀಟರಿಗೆ 40 ಗ್ರಾಂ ಗ್ಲೂಕೋಸ್ (ಅಣುತೂಕ 180) ಇರುವ ದ್ರಾವಣದ ಪರಾಸರಣ ಒತ್ತಡ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5.5 ಬಾರ್. ಅಷ್ಟೇ ತೂಕದ ಸುಕ್ರೋಸ್‌ಗೆ (ಅಣುತೂಕ 342) ಸುಮಾರು 2.9 ಬಾರ್. ಸಕ್ಕರೆ ಹೆಚ್ಚಿದಷ್ಟೂ ಬೆಳವಣಿಗೆ ಹೆಚ್ಚು ಎಂಬ ನಂಬಿಕೆಯ ದೋಷವೂ ಇಲ್ಲೇ ಇದೆ. ಒತ್ತಡ ಮಿತಿಮೀರಿದರೆ ಜೀವಕೋಶ ನೀರನ್ನು ಹೀರಲಾರದು. ಗಟ್ಟಿ ಜೇನು ಕೆಡದಿರಲು ಮುಖ್ಯ ಕಾರಣವೂ ಇದೇ.

ಬೆಲ್ಲವನ್ನು ಶಿಫಾರಸು ಮಾಡುವವರು ಅದರ ಖನಿಜಾಂಶವನ್ನು ಹೊಗಳುತ್ತಾರೆ, ಕದಡುವಿಕೆಯನ್ನು ಮರೆಯುತ್ತಾರೆ. ದ್ರವದಲ್ಲಿ ಬ್ಯಾಕ್ಟೀರಿಯಾ ಸೇರಿತೆಂದು ಬರಿಗಣ್ಣಿಗೆ ತಿಳಿಯುವುದು ಅದು ಮಬ್ಬಾದಾಗ. ಮೊದಲೇ ಮಬ್ಬಾಗಿದ್ದರೆ ಗುರುತಿಸುವುದು ಹೇಗೆ? ಹರಳು ಸಕ್ಕರೆಯ ದ್ರಾವಣ ತಿಳಿಯಾಗಿರುತ್ತದೆ. ಆದರೆ ಸುಕ್ರೋಸನ್ನು ಸೀಳಲು ಇನ್ವರ್ಟೇಸ್ ಕಿಣ್ವ ಬೇಕು. ಈ ಸಾಮರ್ಥ್ಯ ಎಲ್ಲ ಅಣಬೆಗಳಲ್ಲೂ ಒಂದೇ ಸಮನಾಗಿಲ್ಲ. ಗ್ಲೂಕೋಸ್‌ಗೆ ಈ ತೊಡಕಿಲ್ಲ. ಅಂಗಡಿಯ ಪೊಟ್ಟಣದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿದೆಯೇ ಎಂದು ಮಾತ್ರ ಓದಿ ನೋಡಿ. ಅದೂ ದ್ರವವನ್ನು ಮಬ್ಬಾಗಿಸಬಲ್ಲದು.

ಇನ್ನೊಂದು ಲೋಪ ಗಂಭೀರವಾದುದು. ಶುದ್ಧ ಸಕ್ಕರೆ ಇಂಗಾಲವನ್ನು ಕೊಡುತ್ತದೆ, ನೈಟ್ರೋಜನ್ ಕೊಡುವುದಿಲ್ಲ. ಪ್ರೋಟೀನ್ ರಚನೆಗೆ ಅದು ಬೇಕೇ ಬೇಕು. ಪ್ರಯೋಗಾಲಯಗಳ ಹಳೆಯ ಸೂತ್ರದಲ್ಲಿ ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ರಸ ಮತ್ತು 20 ಗ್ರಾಂ ಗ್ಲೂಕೋಸ್ ಇರುತ್ತವೆ. ಕೇವಲ ಶೇಕಡಾ 2 ಸಕ್ಕರೆ! ಆಲೂಗಡ್ಡೆಯ ಪಾತ್ರವನ್ನು ವಿವರಿಸದೆ ಸಕ್ಕರೆಯ ಬಗೆಯನ್ನೇ ಚರ್ಚಿಸುವುದು ಅರ್ಧ ಸತ್ಯ.

ಕ್ರಿಮಿನಾಶನದ ಸೂಚನೆಗಳೂ ಅಪೂರ್ಣ. ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ತೂಕದ ಕುಕ್ಕರ್ ಸಮುದ್ರಮಟ್ಟದಲ್ಲಿ ಸುಮಾರು 120 ಡಿಗ್ರಿ ತಲುಪುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಕಡಿಮೆಯಿರುವುದರಿಂದ 118 ಡಿಗ್ರಿಯ ಆಸುಪಾಸು. ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹಬೆ ಗಾಳಿಯನ್ನೆಲ್ಲ ಹೊರದಬ್ಬಿದ ಮೇಲೆಯೇ ತೂಕವಿಡಬೇಕು. ಸೀಸೆಗಳ ಬಾಯಿಗೆ ಹತ್ತಿಯ ಬಿರಡೆಯಿರಲಿ. ಬಿಗಿಯಾಗಿ ಮುಚ್ಚಿದ ಸೀಸೆ ಸಿಡಿಯಬಹುದು. ವಿಪರೀತ ಕಾಯಿಸಿದರೆ ಸಕ್ಕರೆ ಕಂದುಬಣ್ಣಕ್ಕೆ ತಿರುಗಿ ರಾಸಾಯನಿಕವಾಗಿ ಬದಲಾಗುತ್ತದೆ.

ಹಾಗಾದರೆ ಯಾವುದು ಉತ್ತಮ? ಆಲೂಗಡ್ಡೆ ರಸದೊಂದಿಗೆ ಶೇಕಡಾ 2 ಗ್ಲೂಕೋಸ್ ಒಳ್ಳೆಯ ಆರಂಭ. ಉಳಿದುದನ್ನು ನೀವೇ ಪರೀಕ್ಷಿಸಿ. ಸಿಂಪಿ ಅಣಬೆಯ ಶುದ್ಧ ಕೃಷಿಯನ್ನೇ ಬಳಸಿ. ಪ್ರತಿ ಸಕ್ಕರೆಗೆ ಮೂರು ಸೀಸೆ, ಸಕ್ಕರೆ ಇಲ್ಲದ ಮೂರು, ಅಣಬೆ ಸೇರಿಸದ ಒಂದು ಇರಲಿ. ಎರಡು ವಾರದ ನಂತರ ಕವಕಜಾಲವನ್ನು ಸೋಸಿ, ತೊಳೆದು, ಒಣಗಿಸಿ ತೂಗಿ. ಮಬ್ಬಾದ ಸೀಸೆಗಳನ್ನು ಮತ್ತೆ ಕುಕ್ಕರಿನಲ್ಲಿ ಬೇಯಿಸಿಯೇ ಚೆಲ್ಲಿ. ನೈಸರ್ಗಿಕ ಎಂಬ ವಿಶೇಷಣಕ್ಕಿಂತ ತಕ್ಕಡಿಯ ಸಾಕ್ಷ್ಯ ಹೆಚ್ಚು ನಂಬಲರ್ಹ.