ಮಂತ್ರ ಬರೆದವಳು, ಕತ್ತಿ ಹಿಡಿದವನು

ಕೂಲಿಗೆ ಕತ್ತಿ ಹಿಡಿಯುವ ಒಬ್ಬ ಒರಟ, ಹೆಸರೆತ್ತಿದರೆ ಊರೇ ಬಾಗಿಲು ಹಾಕಿಕೊಳ್ಳುವ ಒಬ್ಬ ಮಾಟಗಾತಿ. ಇಬ್ಬರನ್ನೂ ಒಂದೇ ದಾರಿಗೆ ಹಚ್ಚಿದರೆ ಮುಂದಿನ ಕಥೆಯನ್ನು ಯಾರು ಬೇಕಾದರೂ ಹೇಳಿಬಿಡಬಹುದು: ಜಗಳ, ಅಪಾಯ, ಒಬ್ಬರ ಪ್ರಾಣ ಇನ್ನೊಬ್ಬರು ಉಳಿಸುವುದು, ಕೊನೆಗೆ ಮಮತೆ. ಕಾಕೆರು ಕೊಬಾಶಿರಿ ಬರೆದ ಜಪಾನಿ ಕಾದಂಬರಿ ‘ಗ್ರಿಮ್ವಾರ್ ಆಫ್ ಝೀರೋ’ದಲ್ಲೂ ಇವೆಲ್ಲ ಇವೆ. 20ನೇ ಡೆಂಗೆಕಿ ಕಾದಂಬರಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದು 2014ರಲ್ಲಿ ಅಚ್ಚಾದ ಈ ಕೃತಿಯನ್ನು 2017ರಲ್ಲಿ ವೈಟ್ ಫಾಕ್ಸ್ ಸ್ಟುಡಿಯೊ 12 ಕಂತುಗಳ ಅನಿಮೆಯಾಗಿಸಿತು. ಜೋಡಿ ಹಳೆಯದು. ಆ ಇಬ್ಬರ ನಡುವೆ ಇಟ್ಟಿರುವ ಪುಸ್ತಕ ಮಾತ್ರ ಹೊಸದು. ಈ ಕೃತಿ ಗೆಲ್ಲುವುದೂ ಅಲ್ಲೇ, ಸೋಲುವುದೂ ಅಲ್ಲೇ.

ಕೂಲಿಗೆ ಕತ್ತಿ ಹಿಡಿಯುವ ಆ ಸಿಪಾಯಿಗೆ ಬಿಳಿ ಹುಲಿಯ ಮೈ. ಮನುಷ್ಯರ ಹೊಟ್ಟೆಯಲ್ಲೇ ಹುಟ್ಟಿದವನು, ಮನುಷ್ಯರಂತೆಯೇ ಮಾತಾಡುವವನು. ಆದರೆ ಇಂಥವರ ತಲೆ ಮಾಟದ ಬಲಿಗೆ ಬೆಲೆಬಾಳುವ ಸಾಮಗ್ರಿ. ಹಾಗಾಗಿ ಮಾಟಗಾತಿಯರೆಂದರೆ ಅವನಿಗೆ ಅಸಹ್ಯ, ಅದಕ್ಕಿಂತ ಹೆಚ್ಚು ದಿಗಿಲು. ತಲೆಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಓಡುತ್ತ, ಉರುಳಿ ಬಂದು, ಕಾಡಿನಲ್ಲಿ ಕೂತಿದ್ದ ಮಾಟಗಾತಿ ಝೀರೋಳ ಸೂಪಿನ ಪಾತ್ರೆಯನ್ನು ಚೆಲ್ಲಿಬಿಡುತ್ತಾನೆ. ಅಷ್ಟು ದೊಡ್ಡ ಮಾಟಗಾತಿಗೆ ಮೊದಲು ಬರುವ ಸಿಟ್ಟು ಊಟ ಹಾಳಾಯಿತಲ್ಲ ಎಂದು! ಆಮೇಲೆ ಒಪ್ಪಂದ. ಅವನು ಅವಳ ಕಾವಲಿಗಿರಬೇಕು, ಕೂಲಿಯಾಗಿ ಅವಳು ಅವನನ್ನು ಪೂರ್ತಿ ಮನುಷ್ಯನನ್ನಾಗಿ ಮಾಡಬೇಕು. ಮನುಷ್ಯನಾದ ಮೇಲೆ ಒಂದು ಹೆಂಡದಂಗಡಿ ಇಟ್ಟುಕೊಂಡು ತಣ್ಣಗಿರುವುದು ಅವನ ಆಸೆ. ಹೆಸರನ್ನು ಮಾತ್ರ ಹೇಳುವುದಿಲ್ಲ. ಮಾಟಗಾತಿಗೆ ಹೆಸರು ಕೊಟ್ಟವನು ಅವಳ ಆಳಾಗಿಬಿಡುತ್ತಾನೆಂಬ ಭಯ.

ಈ ಒಪ್ಪಂದವನ್ನು ಕೊಬಾಶಿರಿ ಚೆನ್ನಾಗಿ ದುಡಿಸಿಕೊಂಡಿದ್ದಾರೆ. ಸಿಪಾಯಿಯನ್ನು ಕಂಡ ಊರಿನವರು ಹೌಹಾರುತ್ತಾರೆ. ಪಕ್ಕದಲ್ಲಿ ನಡೆಯುವ ಹುಡುಗಿಯನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ನಿಜಕ್ಕೂ ಊರು ಸುಡಬಲ್ಲವಳು ಅವಳು. ಹೆದರಿಕೆ ಯಾವಾಗಲೂ ತಪ್ಪು ವಿಳಾಸಕ್ಕೇ ಹೋಗುತ್ತಿರುತ್ತದೆ. ಇಬ್ಬರ ನಡುವಿನ ನಂಬಿಕೆಯೂ ಭಾಷಣಗಳಿಂದ ಹುಟ್ಟಿದ್ದಲ್ಲ. ಅವನು ಬೇಯಿಸುತ್ತಾನೆ, ಅವಳು ಬಾಚಿ ತಿನ್ನುತ್ತಾಳೆ, ರಾತ್ರಿ ಚಳಿಗೆ ಅವನ ತುಪ್ಪಳಕ್ಕೇ ಒರಗಿ ಮಲಗುತ್ತಾಳೆ. ಇದೇ ಪ್ರಕಾಶನದಿಂದ ಮೊದಲೇ ಬಂದಿದ್ದ ‘ಸ್ಪೈಸ್ ಆ್ಯಂಡ್ ವುಲ್ಫ್’ ಓದಿದವರಿಗೆ ಈ ಧಾಟಿ ಪರಿಚಿತ. ಅಲ್ಲಿಯೂ ದಾರಿ, ಊಟ, ಕೀಟಲೆ. ಅಲ್ಲಿನ ಮಾತಿನ ಮೊನಚು ಇಲ್ಲಿಲ್ಲ ಅನ್ನುವುದನ್ನೂ ಹೇಳಬೇಕು.

ಇನ್ನು ಪುಸ್ತಕಕ್ಕೆ ಬರೋಣ. ಈ ಲೋಕದಲ್ಲಿ ಹಳೆಯ ಮಾಟವೆಂದರೆ ದೊಡ್ಡ ಖಟಿಪಿಟಿ. ನೆಲದ ಮೇಲೆ ಮಂಡಲ ಬರೆಯಬೇಕು, ಬಲಿ ಒದಗಿಸಬೇಕು, ದೆವ್ವವನ್ನು ಕರೆಯಬೇಕು, ಬಂದದ್ದನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ವರ್ಷಗಟ್ಟಲೆ ಕಲಿಯದವರ ಕೈಗೆ ಅದು ದಕ್ಕದು. ಝೀರೋ ಇದನ್ನೆಲ್ಲ ಸೋಸಿ, ಬರೀ ಬಾಯಿಮಾತಿನ ಮಂತ್ರಕ್ಕೆ ಇಳಿಸಿ ಪುಸ್ತಕ ಬರೆಯುತ್ತಾಳೆ. ಬೇಟೆ, ಸೆರೆ, ಕೊಯ್ಲು, ರಕ್ಷೆ ಎಂದು ನಾಲ್ಕು ಅಧ್ಯಾಯ. ಹೊಲದ ಕೆಲಸ ಹಗುರಾಗಲಿ, ಬದುಕು ಸಲೀಸಾಗಲಿ ಎಂಬುದು ಅವಳ ಲೆಕ್ಕ. ಪುಸ್ತಕ ಕಳುವಾಗಿ ವೆನಿಯಾಸ್ ಎಂಬ ರಾಜ್ಯಕ್ಕೆ ಹೋಗುತ್ತದೆ. ಸೊಲೆನಾ ಎಂಬ ಹಿರಿಯ ಮಾಟಗಾತಿಯನ್ನು ಜನ ಸುಟ್ಟುಹಾಕಿದ್ದಕ್ಕೆ ಅಲ್ಲಿ ದಂಗೆ ಹೊತ್ತಿಕೊಂಡಿರುತ್ತದೆ. ಸುಲಭವಾಗಿ ಸಿಕ್ಕ ಮಂತ್ರ ಆ ದಂಗೆಗೆ ಆಯುಧವಾಗುತ್ತದೆ. ಕಷ್ಟಪಟ್ಟು ಕಲಿಯಬೇಕಾದಲ್ಲಿ ಆ ಕಷ್ಟವೇ ಒಂದು ಬೇಲಿ. ಆ ಬೇಲಿಯನ್ನು ಕಿತ್ತವಳು ಒಳ್ಳೆಯ ಮನಸ್ಸಿನಿಂದಲೇ ಕಿತ್ತಳು ಎಂಬುದು ಕಥೆಯ ನಿಜವಾದ ಮುಳ್ಳು.

ಒಂದು ವಿವರ ನನಗೆ ವಿಶೇಷವಾಗಿ ಹಿಡಿಸಿತು. ಈ ಪುಸ್ತಕದ ಮಂತ್ರ ಹೇಳುವವರು ಯಾರೇ ಆಗಲಿ, ಕೊನೆಯಲ್ಲಿ ಝೀರೋಳ ಹೆಸರಿನಲ್ಲೇ ಅನುಮತಿ ಕೋರಬೇಕು. ಆಲ್ಬಸ್ ಎಂಬ ಎಳೆಯ ಪ್ರಾಯದ ಮಂತ್ರಗಾರ್ತಿ ಆವೇಶದಿಂದ ಮಂತ್ರ ಕೂಗಿದಾಗ ಝೀರೋ ಕೈಯೆತ್ತಿ ಹೋರಾಡುವುದೂ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಯನ್ನು ತಲೆಯೆತ್ತಿ ನೋಡದೆ ವಾಪಸು ಮಾಡಿದ ಹಾಗೆ, ತಿರಸ್ಕರಿಸಿದೆ ಅನ್ನುತ್ತಾಳೆ, ಅಷ್ಟೆ. ಮಂತ್ರ ಅಲ್ಲೇ ಆರಿಹೋಗುತ್ತದೆ. ಸಾಹಸಕಥೆಗಳಲ್ಲಿ ಬೆಂಕಿಗೆ ದೊಡ್ಡ ಬೆಂಕಿಯೇ ಉತ್ತರವಾಗಿರುವುದನ್ನು ನೋಡಿ ನೋಡಿ ಸಾಕಾದವರಿಗೆ ಈ ದೃಶ್ಯ ಹಿತವಾಗಿದೆ. ಬರೆದವಳ ಅಧಿಕಾರ ಎಷ್ಟು, ಆ ಅಧಿಕಾರ ಇರುವಷ್ಟೇ ಹೊಣೆಯೂ ಇರಬೇಕಲ್ಲವೇ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ.

ಯುರೋಪಿನ ಚರಿತ್ರೆಯಲ್ಲೂ ಮಾಟಗಾತಿಯರ ಬೆನ್ನಿಗೆ ಒಂದು ಪುಸ್ತಕವಿತ್ತು. 1486ರ ಸುಮಾರಿಗೆ ಅಚ್ಚಾದ, ಹೈನ್‌ರಿಕ್ ಕ್ರಾಮರ್‌ನ ‘ಮ್ಯಾಲಿಯಸ್ ಮ್ಯಾಲೆಫಿಕಾರಮ್’. ಅದು ಮಾಟಗಾತಿಯರನ್ನು ಪತ್ತೆಹಚ್ಚಿ ಶಿಕ್ಷಿಸುವವರ ಕೈಪಿಡಿ, ಆಗಷ್ಟೇ ಬಂದಿದ್ದ ಮುದ್ರಣದ ಬಲದಿಂದ ಮತ್ತೆ ಮತ್ತೆ ಅಚ್ಚಾಯಿತು. ಕೊಬಾಶಿರಿ ಸುಡುವ ಕಂಬವನ್ನೂ ಚರ್ಚನ್ನೂ ಅದೇ ಯುರೋಪಿನಿಂದ ತಂದಿದ್ದಾರೆ, ಆದರೆ ಪುಸ್ತಕವನ್ನು ಎದುರು ಪಕ್ಷದ ಕೈಗೆ ಕೊಟ್ಟಿದ್ದಾರೆ. ಇದೊಂದು ಚುರುಕಾದ ತಿರುವು. ತೊಂದರೆ ಏನೆಂದರೆ, ಚರಿತ್ರೆಯಲ್ಲಿ ಸತ್ತವರು ಯಾವ ಬೆಂಕಿಯನ್ನೂ ಎಸೆಯಲಾರದ ಬಡವರು, ಮುದುಕಿಯರು. ಮಾಟಗಾತಿಯರ ಕೈಯಲ್ಲಿ ನಿಜವಾದ ಬೆಂಕಿ ಇದೆ ಎಂದಕೂಡಲೇ ಹಳ್ಳಿಯವರ ಭಯಕ್ಕೂ ಒಂದು ಸಮರ್ಥನೆ ಸಿಕ್ಕಂತಾಗುತ್ತದೆ. ಕೃತಿ ಇದನ್ನು ಗಮನಿಸಿದ ಹಾಗೆ ಕಾಣುವುದಿಲ್ಲ.

ಕೊನೆಯಂತೂ ಇನ್ನೂ ಸಡಿಲ. ರಾಜನ ಕಡೆ ಸೇರಿರುವ, ಝೀರೋಳ ಜೊತೆಗೇ ಬೆಳೆದ ಹದಿಮೂರನೆಯವನು (ಅವನ ಹೆಸರೇ ಥರ್ಟೀನ್) ಈ ಗಲಭೆಗಳ ಹಿಂದಿನ ಕೈ ಎಂದು ಬಯಲಾಗುತ್ತದೆ. ಝೀರೋ ಹೆದರದೆ ಬದುಕಬಹುದಾದ ಜಾಗವೊಂದನ್ನು ಕಟ್ಟುವುದು ಅವನ ಉದ್ದೇಶವಂತೆ. ಎಷ್ಟು ಹಳ್ಳಿ ಉರಿದವು, ಯಾರ ಮಕ್ಕಳು ಸತ್ತರು, ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಪ್ರೀತಿಯಿಂದ ಮಾಡಿದ್ದು ಎಂದಮಾತ್ರಕ್ಕೆ ಅರ್ಧ ಮಾಫಿ. ಝೀರೋ ಇಡೀ ವೆನಿಯಾಸ್‌ನಲ್ಲಿ ಮಂತ್ರವೇ ನಡೆಯದಂತೆ ಮಹಾಮಂತ್ರವೊಂದನ್ನು ಹಾಕಿ ಸಮಸ್ಯೆಗೆ ಬೀಗ ಜಡಿಯುತ್ತಾಳೆ. ಅರ್ಜಿ ತಿರಸ್ಕರಿಸುವ ಆ ಚಿಕ್ಕ ದೃಶ್ಯದಲ್ಲಿದ್ದ ಬಿಗಿ ಇಲ್ಲಿ ಮಾಯ. ಅಲ್ಲಿ ಅಧಿಕಾರವಿದ್ದವಳ ಮುಖ ಕಾಣುತ್ತಿತ್ತು, ಇಲ್ಲಿ ಬರೀ ಬೆಳಕು ಕಾಣುತ್ತದೆ.

ಅನಿಮೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಖ್ಯವಾಗಿ ಮೊದಲ ಸಂಪುಟದ ಕಥೆಯನ್ನೇ 12 ಕಂತಿಗೆ ಹಿಗ್ಗಿಸಿರುವುದರಿಂದ ನಡುವಿನ ಕಂತುಗಳು ಜಾಳು. ಕಾದಂಬರಿಯನ್ನು ಸಿಪಾಯಿಯೇ ಹೇಳುತ್ತಾನೆ. ಅವನ ಗೊಣಗಾಟ, ಅವನ ಒಳಗಿನ ಪುಕ್ಕಲುತನ ಪುಟದ ಮೇಲೆ ಇರುವಷ್ಟು ಪರದೆಯ ಮೇಲಿಲ್ಲ. ಸಿಪಾಯಿಗೆ ದನಿ ಕೊಟ್ಟ ತ್ಸುಯೋಶಿ ಕೊಯಾಮಾ ತಮ್ಮ ಭಾರವಾದ ಕಂಠದಿಂದ ಆ ನಷ್ಟವನ್ನು ಸ್ವಲ್ಪ ತುಂಬಿದ್ದಾರೆ. ಝೀರೋಳ ಉಡುಪಿನ ಮೇಲೆ ಕ್ಯಾಮೆರಾ ಅಷ್ಟು ಹೊತ್ತು ಯಾಕೆ ನಿಲ್ಲಬೇಕೋ ನನಗೆ ತಿಳಿಯದು. ಬುದ್ಧಿಯೇ ಬಲವೆಂದು ಕಥೆ ಹೇಳುತ್ತಿರುವ ಹೆಣ್ಣಿಗೆ ಇದು ಅವಮಾನ.

ಕೊಬಾಶಿರಿಗೆ ತಮ್ಮ ಬೀಗ ಸಾಲದೆಂದು ಗೊತ್ತಿದ್ದಿರಬೇಕು. 2022ರಲ್ಲಿ ಅನಿಮೆಯಾದ ಮುಂದಿನ ಸರಣಿ ‘ದ ಡಾನ್ ಆಫ್ ದ ವಿಚ್’ನಲ್ಲಿ ಅದೇ ವೆನಿಯಾಸ್‌ನಲ್ಲಿ ಮಂತ್ರ ಕಲಿಸುವ ಶಾಲೆ ಎದ್ದಿದೆ, ಆಲ್ಬಸ್ ಅದರ ಮುಖ್ಯಸ್ಥೆ. ಯಾರಿಗೆ ಕಲಿಸಬೇಕು, ಎಷ್ಟು ಕಲಿಸಬೇಕು, ಕಲಿತವನು ತಪ್ಪಿದರೆ ಯಾರನ್ನು ಕೇಳಬೇಕು ಎಂಬ ಜಗಳಗಳು ಅಲ್ಲಿ ಶುರುವಾಗುತ್ತವೆ. ಮೊದಲ ಕಥೆಯಲ್ಲೇ ಈ ಜಗಳಕ್ಕೆ ಜಾಗ ಸಿಕ್ಕಿದ್ದರೆ, ಸೂಪು ಚೆಲ್ಲಿದ ಆ ಸಿಪಾಯಿಯೂ ಬರೀ ಕಾವಲುಗಾರನಾಗಿ ಉಳಿಯದೆ ಝೀರೋಳನ್ನು ಎದುರು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳುತ್ತಿದ್ದ.