ಗಡುವಿನೊಳಗೆ ಕಟ್ಟಿದರೆ ಸಾಕೇ?

ಕ್ರೆಡಿಟ್ ಕಾರ್ಡ್ ವಿಷಯ ಬಂದಾಗಲೆಲ್ಲ ನಮ್ಮವರ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: "ಗಡುವಿನೊಳಗೆ ಪೂರ್ತಿ ಕಟ್ಟಿಬಿಡ್ತೀನಿ, ಬಡ್ಡಿಯ ಪ್ರಶ್ನೆಯೇ ಬರಲ್ಲ." ಈ ವಾದ ಪೂರ್ತಿ ಸುಳ್ಳಲ್ಲ. ಆದರೆ ಅರ್ಧಕ್ಕೇ ನಿಂತುಬಿಡುತ್ತದೆ.

ಮೊದಲು ಶರೀಅತ್ತಿನ ಮಾತು. ಕಾರ್ಡ್ ತೆಗೆದುಕೊಳ್ಳುವಾಗಲೇ "ತಡವಾದರೆ ಬಡ್ಡಿ ಕೊಡುತ್ತೇನೆ" ಎಂಬ ಷರತ್ತಿಗೆ ನಾವು ಒಪ್ಪಿರುತ್ತೇವೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 2000ನೇ ಇಸವಿಯಲ್ಲಿ ರಿಯಾದ್‌ನಲ್ಲಿ ಸೇರಿ ಇದನ್ನೇ ಚರ್ಚಿಸಿತು. ಖಾತೆಯಲ್ಲಿ ಹಣವಿಲ್ಲದೆ ಸಾಲದ ಮೇಲೆ ನಡೆಯುವ ಕಾರ್ಡಿಗೆ ಬಡ್ಡಿಯ ಷರತ್ತು ಇದ್ದರೆ, ಗಡುವಿನೊಳಗೆ ಕಟ್ಟುವ ನಿಯ್ಯತ್ ಇದ್ದರೂ ಅದು ಜಾಯಿಜ್ ಅಲ್ಲ ಎಂಬುದು ಅದರ ನಿರ್ಣಯ. ಮುಫ್ತಿ ತಖೀ ಉಸ್ಮಾನಿಯವರಂಥ ವಿದ್ವಾಂಸರು ಬಡ್ಡಿ ಬೀಳದಂತೆ ನೋಡಿಕೊಳ್ಳುವವರಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿದ್ದಾರೆ. ಅಂದರೆ ಇಲ್ಲಿ ಭಿನ್ನಾಭಿಪ್ರಾಯ ಇದೆ. ನಮ್ಮ ಜನ ಎರಡನೆಯ ಮಾತನ್ನು ಹಿಡಿದುಕೊಂಡು, ಅದರ ಷರತ್ತನ್ನು ಮಾತ್ರ ಮರೆಯುತ್ತಾರೆ.

ಆ ಷರತ್ತು ತಪ್ಪಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಬಾಕಿ 50,000 ರೂಪಾಯಿ, ತಿಂಗಳ ಬಡ್ಡಿ ಶೇ. 3.5 ಎಂದಿಟ್ಟುಕೊಳ್ಳಿ. ಬಡ್ಡಿಯೇ 1,750, ಅದರ ಮೇಲೆ ಶೇ. 18 ಜಿಎಸ್‌ಟಿ 315. 'ಕನಿಷ್ಠ ಮೊತ್ತ' ಅಂತ ಶೇ. 5, ಅಂದರೆ 2,500 ಕಟ್ಟಿದವನ ಅಸಲಿನಲ್ಲಿ ಕರಗಿದ್ದು ಬರೀ 435 ರೂಪಾಯಿ! ಮೇಲಾಗಿ ಹಳೆಯ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಶೇ. 30ಕ್ಕಿಂತ ಹೆಚ್ಚು ವಾರ್ಷಿಕ ಬಡ್ಡಿ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಆ ತಡೆಯೂ ಈಗಿಲ್ಲ.

ನನ್ನ ಮುಖ್ಯ ತಕರಾರು ಇನ್ನೊಂದಿದೆ. ಗಡುವಿನೊಳಗೆ ಕಟ್ಟುವವನಿಗೆ ಸಿಗುವ ಕ್ಯಾಶ್‌ಬ್ಯಾಕ್, ಪಾಯಿಂಟು, ಏರ್‌ಪೋರ್ಟ್ ಲೌಂಜು ಎಲ್ಲಿಂದ ಬರುತ್ತವೆ? ಕಾರ್ಡಿನಿಂದ ಬ್ಯಾಂಕಿಗೆ ಬರುವ ಆದಾಯ ಅಂಗಡಿಯವರ ಕಮಿಷನ್, ಶುಲ್ಕ ಮತ್ತು ಬಡ್ಡಿ. ಕಮಿಷನ್ನನ್ನು ಅಂಗಡಿಯವರು ಬೆಲೆಯಲ್ಲೇ ಸೇರಿಸಿದರೆ, ನಗದು ಕೊಟ್ಟು ಅಕ್ಕಿ ಒಯ್ಯುವ ಕೂಲಿಯವನೂ ಅದನ್ನು ಹೊರುತ್ತಾನೆ. ಬಡ್ಡಿ ಕಟ್ಟುವವನು ಸಂಬಳ ಸಾಲದೆ ಸೋತವನು. "ನಾನು ಬಡ್ಡಿ ಕೊಡಲ್ಲ" ಎನ್ನುವವನ ಸವಲತ್ತಿನಲ್ಲಿ ಅವರಿಬ್ಬರ ಪಾಲೂ ಇದೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿ ಎಂದು ಸೂರಃ ಅಲ್-ಬಕರದ 280ನೇ ಆಯತ್ ಕಲಿಸುತ್ತದೆ. ಇಲ್ಲಿ ಕಷ್ಟ ಹೆಚ್ಚಿದಷ್ಟೂ ದಂಡ ಹೆಚ್ಚುತ್ತದೆ.

ಮುಂಬೈ, ಪುಣೆಯಂಥ ಊರುಗಳಿಗೆ ಕೆಲಸಕ್ಕೆ ಬರುವ ನಮ್ಮ ಹುಡುಗರಿಗೆ ಮೊದಲ ಸಂಬಳದ ಜೊತೆಗೇ ಕಾರ್ಡಿನ ಕರೆಯೂ ಬರುತ್ತದೆ. ಅವರಿಗೆ ಬರೀ "ಹರಾಮ್" ಅಂದರೆ ಕೇಳಲ್ಲ, "ಪರವಾಗಿಲ್ಲ" ಅಂದರೆ ಮುಳುಗುತ್ತಾರೆ. ಮೇಲಿನ 435 ರೂಪಾಯಿಯ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ದಿನದ ಖರ್ಚಿಗೆ ಡೆಬಿಟ್ ಕಾರ್ಡ್, ಯುಪಿಐ ಸಾಕು. ಆಸ್ಪತ್ರೆ, ಫೀಸಿನಂಥ ತುರ್ತಿಗೆ ಜಮಾಅತಿನಲ್ಲಿ ಕರ್ಜೆ ಹಸನಾ ನಿಧಿ ಇರಬೇಕು. ಅದನ್ನು ಕಟ್ಟದೆ ಫತ್ವಾ ಮಾತ್ರ ಹೇಳುವ ಸಮುದಾಯ ತನ್ನ ಮಕ್ಕಳನ್ನು ತಾನೇ ಬ್ಯಾಂಕಿನ ಬಾಗಿಲಿಗೆ ಕಳಿಸುತ್ತದೆ.