ಹೊಳೆದಂಡೆಯ ಅಪ್ಪೆಮಿಡಿ

ದ್ರಾಕ್ಷಾರಸದ ರುಚಿ ಆಯಾ ನೆಲದ ಮಣ್ಣು, ನೀರಿನದು ಎಂದು ಜಗತ್ತೇ ಒಪ್ಪುತ್ತದೆ. ಜನ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟ ನೋಡಲು ಹೋಗುವುದೂ ಅದಕ್ಕೇ. ಆ ಮಾತು ಅಪ್ಪೆಮಿಡಿಗೂ ಸಲ್ಲಬೇಕು. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರಗಳಲ್ಲಿ ಹರಿಯುವ ಶರಾವತಿಯ ದಂಡೆಯ ಕಾಡುಮಾವು ಇದು. ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯಲ್ಲೇ ಇದರ ಜಾತಕವಿದೆ: ಒಂದು ಮರದ್ದು ಜೀರಿಗೆಯ ಪರಿಮಳ, ಇನ್ನೊಂದರದ್ದು ಕರ್ಪೂರದ್ದು. ದೀಪಕ್ಕೆ ಹಿಡಿದರೆ ಆ ಸೊನೆ ಚಟಪಟನೆ ಉರಿಯುತ್ತದೆ. ಉಪ್ಪಿನಲ್ಲಿ ಚಿರುಟಿ, ಸಾಸಿವೆ ಮೆಣಸಿನೊಡನೆ ಭರಣಿ ಸೇರಿದ ಮಿಡಿ ವರ್ಷಗಟ್ಟಲೆ ಆ ಪರಿಮಳ ಬಿಟ್ಟುಕೊಡುವುದಿಲ್ಲ.

ಕಸಿಗಿಡ ತೋಟದಲ್ಲೇ ಬೆಳೆಯುವಾಗ ಕಾಡಿನ ಮರವೇಕೆ ಎನ್ನುವವರಿದ್ದಾರೆ. ಕಸಿ ಬೇಕು, ನಿಜ. ಅದು ಹಳೆಯ ಮರಗಳ ಮೇಲಿನ ಹೊರೆ ಇಳಿಸುತ್ತದೆ. ಆದರೆ ಕಸಿಯೆಂದರೆ ಇರುವ ಮರದ ಪಡಿಯಚ್ಚು ಮಾತ್ರ. ಹೊಸ ಪರಿಮಳ ಹುಟ್ಟುವುದು ಗೊರಟೆಯಿಂದ ಎದ್ದ ಸಸಿಯಲ್ಲಿ. ಅದಕ್ಕೆ ಹೊಳೆ ಬೇಕು, ಸಿಂಗಳೀಕ ಬದುಕುವಂಥ ಕಾಡು ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಂಥ ಎಷ್ಟೋ ದಂಡೆಗಳು ಮುಳುಗಿದವು. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ ಮೇಲೂ ಮಿಡಿಯಾಸೆಗೆ ಕೊಂಬೆಯನ್ನೇ ಕಡಿಯುವ ಚಾಳಿ ನಿಂತಿಲ್ಲ. ಸಾಗರದ ಕಡೆ ಬಂದರೆ ಮಿಡಿ ಕೊಳ್ಳಿ. ಕೊಂಬೆ ಕಡಿಯದೆ, ತೊಟ್ಟು ಸಹಿತ ಕೊಯ್ದದ್ದನ್ನೇ ಕೇಳಿ ಕೊಳ್ಳಿ.